ಕೇಳುವ ಮೊದಲೇ ಕಿವಿ ಮುಚ್ಚಿದರೆ ಹೇಗೆ?

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳ ಗೋಷ್ಠಿಗೆ ಪೂಜ್ಯರು "ಮಕ್ಕಳು ಮತ್ತು ರಾಜಕಾರಣ" ಎಂಬ ವಿಷಯ ಕೊಟ್ಟು, ೩೨ ವರ್ಷ ಮಾಸ್ತರಿಕೆ ಮಾಡಿದವರು ನೀವೇ ಮಾತಾಡಬೇಕೆಂದು ಅಪ್ಪಣೆ ಮಾಡಿದರು. ವಿಷಯ ಸಣ್ಣದಲ್ಲ. ನಮ್ಮ ತಾಲ್ಲೂಕಿನ ಉದಾಹರಣೆಯಿಂದ ಶುರು ಮಾಡಿದರೆ ಏನಾಗುತ್ತದೆಂದು ನಿಮಗೂ ಗೊತ್ತು. ನನ್ನ ಮೊದಲ ವಾಕ್ಯ ಮುಗಿಯುವುದರೊಳಗೆ ಅರ್ಧ ಸಭೆ "ಇವರು ಯಾವ ಪಾರ್ಟಿಯವರು?" ಎಂದು ಲೆಕ್ಕ ಹಾಕುತ್ತದೆ. ಅದಕ್ಕೇ ಇಂದು ನಿಮ್ಮನ್ನು ಮೊದಲು ದೂರದ ಅಮೆರಿಕಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿನ ಎರಡೂ ಪಕ್ಷಗಳಲ್ಲಿ ನಮ್ಮ ವೋಟಿಲ್ಲ, ನಮ್ಮ ನೆಂಟರೂ ನಿಂತಿಲ್ಲ. ಬಿಸಿಯಾಗದೆ ನೋಡಬಹುದು. ನೋಡಿಕೊಂಡು ಆಮೇಲೆ ನಮ್ಮೂರಿಗೆ ಬರೋಣ.

೨೦೦೯ನೆಯ ಇಸವಿ. ಬರಾಕ್ ಒಬಾಮಾ ಅವರು ಅಮೆರಿಕದ ಅಧ್ಯಕ್ಷರಾಗಿ ಆಗಿನ್ನೂ ಎಂಟು ತಿಂಗಳು. ಅಲ್ಲಿ ಬೇಸಿಗೆ ರಜೆ ಮುಗಿದು ಸೆಪ್ಟೆಂಬರಿನ ಆಸುಪಾಸಿಗೆ ಶಾಲೆಗಳು ತೆರೆಯುತ್ತವೆ. ಸೆಪ್ಟೆಂಬರ್ ೮ರ ಮಂಗಳವಾರ ಮಧ್ಯಾಹ್ನ ವರ್ಜೀನಿಯಾ ರಾಜ್ಯದ ಆರ್ಲಿಂಗ್ಟನ್ ಊರಿನ ವೇಕ್‌ಫೀಲ್ಡ್ ಪ್ರೌಢಶಾಲೆಯಿಂದ ಅಧ್ಯಕ್ಷರು ಇಡೀ ದೇಶದ ಮಕ್ಕಳನ್ನು ಉದ್ದೇಶಿಸಿ ಮಾತಾಡುತ್ತಾರೆ, ಮನಸ್ಸಿದ್ದ ಶಾಲೆಗಳು ನೇರ ಪ್ರಸಾರ ತೋರಿಸಬಹುದು ಎಂದು ಶಿಕ್ಷಣ ಸಚಿವ ಆರ್ನೆ ಡಂಕನ್ ಅವರು ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದರು. ಜೊತೆಗೆ ಶಿಕ್ಷಣ ಇಲಾಖೆ ತರಗತಿಯಲ್ಲಿ ಮಾಡಿಸಬಹುದಾದ ಚಟುವಟಿಕೆಗಳ ಪಟ್ಟಿಯನ್ನೂ ಕಳಿಸಿತು. ಆ ಪಟ್ಟಿಯಲ್ಲಿದ್ದ ಒಂದು ಸಾಲು ಕಿಡಿ ಹಾರಿಸಿತು. ಅಧ್ಯಕ್ಷರಿಗೆ ತಾವು ಹೇಗೆ ಸಹಾಯ ಮಾಡಬಹುದು ಎಂಬುದರ ಬಗ್ಗೆ ಮಕ್ಕಳು ತಮಗೆ ತಾವೇ ಪತ್ರ ಬರೆದುಕೊಳ್ಳಲಿ ಎಂದು ಅದರಲ್ಲಿತ್ತು.

ಆಗ ಎದ್ದ ಗದ್ದಲವನ್ನು ಏನೆಂದು ಹೇಳಲಿ! ಫ್ಲೋರಿಡಾ ರಾಜ್ಯದ ರಿಪಬ್ಲಿಕನ್ ಪಕ್ಷದ ಅಧ್ಯಕ್ಷರಾಗಿದ್ದ ಜಿಮ್ ಗ್ರೀರ್ ಎಂಬುವರು, ಜನರ ತೆರಿಗೆ ಹಣದಲ್ಲಿ ಮಕ್ಕಳ ತಲೆಗೆ ಸಮಾಜವಾದ ತುಂಬಲಾಗುತ್ತಿದೆ ಎಂದು ಹೇಳಿಕೆ ಕೊಟ್ಟರು. ರೇಡಿಯೋದಲ್ಲಿ, ಟಿವಿಯಲ್ಲಿ ಅದೇ ಮಾತು ಹಬ್ಬಿತು. ತಂದೆತಾಯಿಗಳು ಶಾಲೆಗೆ ಫೋನ್ ಮೇಲೆ ಫೋನ್ ಮಾಡಿದರು. ಆ ದಿನ ಮಕ್ಕಳನ್ನು ಶಾಲೆಗೇ ಕಳಿಸುವುದಿಲ್ಲ ಎಂದವರಿದ್ದರು. ಕೆಲವು ಕಡೆ ಪ್ರಸಾರ ತೋರಿಸುವುದಿಲ್ಲ ಎಂದು ತೀರ್ಮಾನವಾಯಿತು. ಕೆಲವು ಕಡೆ ಪಾಲಕರ ಸಹಿ ಕೇಳಿದರು. ಬೇಡವೆಂದ ಪಾಲಕರ ಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಲು ಹಲವು ಶಾಲೆಗಳು ವ್ಯವಸ್ಥೆ ಮಾಡಿಕೊಂಡವು. ಒಂದೇ ಬೆಂಚಿನ ಮಕ್ಕಳಲ್ಲಿ ಒಬ್ಬ ಇಲ್ಲಿ, ಒಬ್ಬ ಅಲ್ಲಿ.

ಟೆಕ್ಸಾಸ್ ರಾಜ್ಯದಲ್ಲಿಯೂ ಆರ್ಲಿಂಗ್ಟನ್ ಎಂಬ ಊರಿದೆ. ಅಲ್ಲಿನ ಶಾಲಾ ಆಡಳಿತ ನೇರ ಪ್ರಸಾರ ತೋರಿಸುವುದಿಲ್ಲ ಎಂದಿತು. ಅದೇ ತಿಂಗಳು ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಬರಲಿದ್ದ ಒಂದು ಕಾರ್ಯಕ್ರಮಕ್ಕೆ ಐದನೆಯ ತರಗತಿಯ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯುವ ಏರ್ಪಾಟು ಅದೇ ಆಡಳಿತದ್ದು ಎಂಬುದು ಬೆಳಕಿಗೆ ಬಂದಾಗ, ಇದೇನು ನ್ಯಾಯ ಎಂದು ಜನ ಕೇಳಿದರು.

ಇಷ್ಟೆಲ್ಲ ಆದದ್ದು ಭಾಷಣಕ್ಕೆ ಮೊದಲು. ಅಧ್ಯಕ್ಷರು ಏನು ಹೇಳುತ್ತಾರೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಯಾರು ಹೇಳುತ್ತಾರೆಂಬುದಷ್ಟೇ ಗೊತ್ತಿತ್ತು. ಜಗಳಕ್ಕೆ ಅಷ್ಟೇ ಸಾಕಾಯಿತು.

ಹಾಗಾದರೆ ಭಾಷಣದಲ್ಲಿ ಏನಿತ್ತು? ಇಪ್ಪತ್ತು ನಿಮಿಷವೂ ಇಲ್ಲದ ಮಾತು. ಪ್ರತಿ ವರ್ಷ ಶಾಲೆ ಆರಂಭದ ದಿನ ಪ್ರಾರ್ಥನೆ ಮುಗಿದ ಮೇಲೆ ನಾವು ಮಾಸ್ತರರು ಹೇಳುತ್ತೇವಲ್ಲ, ಹೆಚ್ಚುಕಡಿಮೆ ಅದೇ. ತಂದೆ ತನ್ನನ್ನು ಎರಡು ವರ್ಷದವನಿದ್ದಾಗ ಬಿಟ್ಟುಹೋದರು, ತಾಯಿಯೊಬ್ಬಳೇ ಸಾಕಿದಳು ಎಂದು ಒಬಾಮಾ ಹೇಳಿಕೊಂಡರು. ಇಂಡೋನೇಷ್ಯಾದಲ್ಲಿದ್ದಾಗ ಅಮೆರಿಕದ ಮಕ್ಕಳು ಓದುವ ಶಾಲೆಗೆ ಸೇರಿಸಲು ತಾಯಿಯ ಹತ್ತಿರ ಹಣವಿರಲಿಲ್ಲ. ಅದಕ್ಕೆ ಆಕೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಗಿನ ನಾಲ್ಕೂವರೆಗೆ ಎಬ್ಬಿಸಿ ತಾನೇ ಪಾಠ ಹೇಳುತ್ತಿದ್ದಳು. ಹುಡುಗ ಗೊಣಗಿದರೆ, ನನಗೂ ಇದು ಸುಖದ ಕೆಲಸವಲ್ಲ ಎಂದು ಗದರುತ್ತಿದ್ದಳು. ಹ್ಯಾರಿ ಪಾಟರ್ ಪುಸ್ತಕವನ್ನು ಪ್ರಕಾಶಕರು ಹನ್ನೆರಡು ಸಲ ತಿರಸ್ಕರಿಸಿದ್ದನ್ನು, ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡಾನ್ ಶಾಲೆಯ ತಂಡಕ್ಕೇ ಆಯ್ಕೆಯಾಗದೆ ಹೋದದ್ದನ್ನು ಹೇಳಿದರು. ಬಡತನವಿರಲಿ, ಮನೆಯಲ್ಲಿ ಕಷ್ಟವಿರಲಿ, ಮನೆಗೆಲಸ ಬಿಡಲು ಅದು ನೆಪವಾಗಬಾರದು ಎಂದರು. ಓದನ್ನು ಅರ್ಧಕ್ಕೆ ಬಿಟ್ಟರೆ ನಿಮ್ಮನ್ನಷ್ಟೇ ಅಲ್ಲ, ದೇಶವನ್ನೂ ಕೈಬಿಟ್ಟಂತೆ ಎಂದರು. ಆ ವರ್ಷ ಎಚ್೧ಎನ್೧ ಜ್ವರದ ಭಯವಿತ್ತು. ಕೈ ಚೆನ್ನಾಗಿ ತೊಳೆದುಕೊಳ್ಳಿ ಎಂದೂ ಹೇಳಿದರು. ತಮ್ಮ ಪಕ್ಷದ ಮಾತಿಲ್ಲ, ಮಸೂದೆಯ ಮಾತಿಲ್ಲ.

ಭಾಷಣಕ್ಕೆ ಮೊದಲು ಒಂಬತ್ತನೆಯ ತರಗತಿಯ ಮಕ್ಕಳೊಂದಿಗೆ ಕುಳಿತು ಪ್ರಶ್ನೋತ್ತರವನ್ನೂ ನಡೆಸಿದರು. ಬದುಕಿರುವವರೋ ತೀರಿಹೋದವರೋ, ಯಾರ ಜೊತೆ ಊಟಕ್ಕೆ ಕೂರಲು ಇಷ್ಟಪಡುತ್ತೀರಿ ಎಂದು ಒಬ್ಬ ಹುಡುಗಿ ಕೇಳಿದಳು. ಗಾಂಧೀಜಿ ಜೊತೆ ಎಂದರು. ಅವರು ತಿನ್ನುವುದು ಕಡಿಮೆಯಾದ್ದರಿಂದ ಊಟ ಸಣ್ಣದೇ ಇರುತ್ತದೆ ಎಂದು ನಕ್ಕರು. ಇಂಥ ಕಾರ್ಯಕ್ರಮಕ್ಕೆ ಹೆದರಿ ಮಕ್ಕಳನ್ನು ಮನೆಯಲ್ಲಿ ಕೂರಿಸಿಕೊಳ್ಳಲು ಹೊರಟಿದ್ದರು!

ಇಷ್ಟು ಕೇಳಿದ ಮೇಲೆ, ಆ ಪಕ್ಷದವರು ಕೆಟ್ಟವರು, ಈ ಪಕ್ಷದವರು ಒಳ್ಳೆಯವರು ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ತಡೆಯಿರಿ. ಹದಿನೆಂಟು ವರ್ಷ ಹಿಂದಕ್ಕೆ ಹೋಗೋಣ.

೧೯೯೧ರ ಅಕ್ಟೋಬರ್ ೧. ಆಗ ಅಧ್ಯಕ್ಷರು ರಿಪಬ್ಲಿಕನ್ ಪಕ್ಷದ ಜಾರ್ಜ್ ಎಚ್. ಡಬ್ಲ್ಯೂ. ಬುಷ್. ಅವರೂ ವಾಷಿಂಗ್ಟನ್ ನಗರದ ಆಲಿಸ್ ಡೀಲ್ ಶಾಲೆಯ ತರಗತಿಯಿಂದ ದೇಶದ ಮಕ್ಕಳಿಗೆ ಮಾತಾಡಿದರು. ಚೆನ್ನಾಗಿ ಓದಿ, ಮಾದಕ ವಸ್ತು ಮುಟ್ಟಬೇಡಿ ಎಂದರು. ನಮ್ಮ ಗುರಿ ತಲುಪಲು ನೀವು ಹೇಗೆ ಸಹಾಯ ಮಾಡಬಲ್ಲಿರಿ ಎಂದು ನನಗೆ ಪತ್ರ ಬರೆಯಿರಿ ಎಂದೂ ಹೇಳಿದರು. ಕೇಳಿಸಿಕೊಂಡಿರಾ? ಅದೇ ಪತ್ರ, ಅದೇ ಸಹಾಯ! ಆಗ ಸಿಟ್ಟಾದವರು ಡೆಮೊಕ್ರಾಟರು. ಶಿಕ್ಷಣ ಇಲಾಖೆಯ ದುಡ್ಡಿನಲ್ಲಿ ಅಧ್ಯಕ್ಷರು ರಾಜಕೀಯ ಜಾಹೀರಾತು ಮಾಡಿಕೊಂಡಿದ್ದಾರೆ ಎಂದು ಸದನದಲ್ಲಿ ಅವರ ನಾಯಕ ರಿಚರ್ಡ್ ಗೆಫರ್ಟ್ ಆಕ್ಷೇಪಿಸಿದರು. ಕಾರ್ಯಕ್ರಮಕ್ಕೆ ಇಲಾಖೆ ೨೬,೭೫೦ ಡಾಲರ್ ಕೊಟ್ಟಿತ್ತು. ಲೆಕ್ಕ ತಪಾಸಣೆಯ ಸಂಸ್ಥೆಯಿಂದ ವಿಚಾರಣೆ ನಡೆಯಿತು. ಕಾನೂನು ಮೀರಿದ್ದು ಏನೂ ಇಲ್ಲ ಎಂದು ವರದಿ ಬಂತು.

ಅಂದರೆ ೧೯೯೧ರಲ್ಲಿ ಒಬ್ಬರು ಆಡಿದ ಮಾತನ್ನು ೨೦೦೯ರಲ್ಲಿ ಇನ್ನೊಬ್ಬರು ಆಡಿದರು. ಅಂದು ಸಮರ್ಥಿಸಿದ ಪಕ್ಷದಿಂದಲೇ ಇಂದು ವಿರೋಧ ಬಂತು. ಅಂದು ವಿರೋಧಿಸಿದ ಪಕ್ಷವೇ ಇಂದು ಸಮರ್ಥಿಸಿತು. ತಕ್ಕಡಿ ಅದೇ. ಯಾವ ತಟ್ಟೆಯಲ್ಲಿ ಯಾರು ಕುಳಿತಿದ್ದಾರೆಂದು ನೋಡಿಕೊಂಡು ತೂಕ ಹೇಳಿದರು.

ಇದಕ್ಕೆ ಕಾರಣಗಳೂ ಇವೆ. ಅವನ್ನು ಹೇಳದಿದ್ದರೆ ಅಲ್ಲಿನ ಜನರಿಗೆ ಅನ್ಯಾಯವಾಗುತ್ತದೆ. ನಮ್ಮಲ್ಲಿ ರಾಷ್ಟ್ರಪತಿ ಬೇರೆ, ಪ್ರಧಾನಿ ಬೇರೆ. ಅಲ್ಲಿ ದೇಶದ ಮುಖ್ಯಸ್ಥರೂ ಸರ್ಕಾರದ ಮುಖ್ಯಸ್ಥರೂ ಒಬ್ಬರೇ, ಜೊತೆಗೆ ತಮ್ಮ ಪಕ್ಷದ ನಾಯಕರೂ ಅವರೇ. ಅವರು ತರಗತಿಗೆ ಬಂದರೆ ಬಂದದ್ದು ದೇಶದ ಹಿರಿಯರೋ, ಪಕ್ಷದ ನಾಯಕರೋ? ಎರಡೂ ಹೌದು. ಇನ್ನೊಂದು, ಅಲ್ಲಿ ಶಾಲೆಗಳು ಊರವರ ಕೈಯಲ್ಲಿವೆ. ೧೩ ಸಾವಿರಕ್ಕೂ ಹೆಚ್ಚು ಶಾಲಾ ಜಿಲ್ಲೆಗಳಿವೆ, ಬಹುಪಾಲಿಗೆ ಜನರೇ ಆರಿಸಿದ ಮಂಡಳಿಗಳಿವೆ. ಪಠ್ಯ ಏನಿರಬೇಕೆಂದು ಕೇಂದ್ರ ಸರ್ಕಾರ ಹೇಳುವಂತಿಲ್ಲ ಎಂದು ಅವರ ಕಾನೂನಿನಲ್ಲಿಯೇ ಇದೆ. ಹೀಗಾಗಿ ರಾಜಧಾನಿಯಿಂದ ತರಗತಿಗೆ ಕಾಗದ ಬಂತೆಂದರೆ ಅನುಮಾನ ಸಹಜ. ಮೂರನೆಯದು, ಆ ಬೇಸಿಗೆಯಲ್ಲಿ ಆರೋಗ್ಯ ವಿಮೆಯ ಮಸೂದೆಯ ಮೇಲೆ ಊರೂರಿನ ಸಭೆಗಳಲ್ಲಿ ಕೂಗಾಟ ನಡೆದಿತ್ತು. ಕಾದ ಎಣ್ಣೆಗೆ ನೀರು ಬಿದ್ದಂತಾಯಿತು. ಮೈಬಣ್ಣದ ಪ್ರಶ್ನೆಯೂ ಇತ್ತೇ? ಇತ್ತು ಎಂದು ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅದೇ ತಿಂಗಳು ಒಬಾಮಾ ವಿರುದ್ಧದ ದ್ವೇಷದ ಬಗ್ಗೆ ಬಹಿರಂಗವಾಗಿ ಹೇಳಿದರು. ತಮ್ಮನ್ನು ಟೀಕಿಸುವವರೆಲ್ಲ ಬಣ್ಣ ನೋಡಿ ಟೀಕಿಸುತ್ತಾರೆಂದು ಒಬಾಮಾ ಮಾತ್ರ ಒಪ್ಪಲಿಲ್ಲ. ವಿರೋಧಿಸಿದವರೆಲ್ಲರನ್ನೂ ಒಂದೇ ಕೋಲಿನಿಂದ ಅಳೆಯಬಾರದು ಎಂಬುದು ನನ್ನ ಮಾತೂ ಕೂಡ.

ಬಂಧುಗಳೇ, ಇಲ್ಲಿ ಒಂದು ಗೆರೆ ಎಳೆಯಬೇಕು. ಪ್ರಶ್ನೆ ಮಾಡುವುದು ಬೇರೆ, ಕೇಳಲು ಒಲ್ಲೆನೆನ್ನುವುದು ಬೇರೆ.

ಅಧ್ಯಕ್ಷರಿಗೆ ಸಹಾಯ ಮಾಡುವ ಬಗ್ಗೆ ಮಕ್ಕಳು ಯಾಕೆ ಬರೆಯಬೇಕು ಎಂದು ಕೇಳಿದರಲ್ಲ, ಆ ಪ್ರಶ್ನೆ ನ್ಯಾಯವಾದದ್ದೇ. ನಾನು ಅಲ್ಲಿ ಮಾಸ್ತರನಾಗಿದ್ದರೆ ನಾನೂ ಕೇಳುತ್ತಿದ್ದೆ. ಆಳುವವರು ಮಕ್ಕಳಿಗೆ ಓದಿರಿ ಎನ್ನಲಿ, ನನಗೆ ನೆರವಾಗಿರಿ ಎನ್ನಬಾರದು. ಆ ಪ್ರಶ್ನೆಗೆ ಫಲವೂ ಸಿಕ್ಕಿತು. ಶ್ವೇತಭವನದವರು ಆ ಸಾಲು ತಿದ್ದಿ, ಮಕ್ಕಳು ತಮ್ಮ ಓದಿನ ಗುರಿಗಳನ್ನು ಹೇಗೆ ಮುಟ್ಟಬಹುದೆಂದು ಬರೆದುಕೊಳ್ಳಲಿ ಎಂದು ಬದಲಿಸಿದರು. ಭಾಷಣದ ಪೂರ್ಣ ಪಾಠವನ್ನು ಹಿಂದಿನ ದಿನವೇ ಎಲ್ಲರ ಮುಂದಿಟ್ಟರು. ಪ್ರಶ್ನೆ ಕೇಳಿದರು, ಉತ್ತರ ಬಂತು, ತಪ್ಪು ತಿದ್ದಿತು. ಪ್ರಜಾಪ್ರಭುತ್ವ ನಡೆಯಬೇಕಾದದ್ದೇ ಹೀಗೆ.

ಆದರೆ ಸಾಲು ತಿದ್ದಿದ ಮೇಲೂ, ಪಾಠ ಓದಲು ಸಿಕ್ಕ ಮೇಲೂ, ಬೇಡವೇ ಬೇಡ ಎಂದವರಿದ್ದರಲ್ಲ, ಅದು ಪ್ರಶ್ನೆಯಲ್ಲ. ಅದು ಕಿವಿ ಮುಚ್ಚಿಕೊಳ್ಳುವುದು.

ಶೂನ್ಯ ಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯವರನ್ನು ಪರೀಕ್ಷಿಸುವ ಪ್ರಸಂಗ ನೀವೆಲ್ಲ ಬಲ್ಲಿರಿ. ಎಂಥ ಕಠಿಣ ಪ್ರಶ್ನೆಗಳು! ಆದರೆ ಪ್ರಭುಗಳು ಕೇಳಿದ ಮೇಲೆ ಆಕೆಯ ಉತ್ತರಕ್ಕೆ ಕಿವಿಗೊಟ್ಟರು. ಉತ್ತರ ಕೇಳಿ ತಲೆದೂಗಿದರು. ನಮ್ಮ ಪರಂಪರೆಯಲ್ಲಿ ಪ್ರಶ್ನೆ ಎಂದರೆ ಇದು.

ಅಮೆರಿಕದಲ್ಲಿಯೂ ಹಾಗೆ ನಡೆದುಕೊಂಡವರಿದ್ದರು. ಹಿಂದಿನ ಅಧ್ಯಕ್ಷರ ಪತ್ನಿ ಲಾರಾ ಬುಷ್ ಎದುರು ಪಕ್ಷದವರು. ಮೊದಲು ಶಾಲಾ ಶಿಕ್ಷಕಿಯಾಗಿ, ಗ್ರಂಥಪಾಲಕಿಯಾಗಿ ಕೆಲಸ ಮಾಡಿದವರು. ಅಧ್ಯಕ್ಷರು ಮಕ್ಕಳಿಗೆ ಓದಿನ ಬಗ್ಗೆ ಮಾತಾಡುವುದು ಒಳ್ಳೆಯದೇ ಎಂದು ಆಕೆ ಟಿವಿಯಲ್ಲಿ ನೇರವಾಗಿ ಹೇಳಿದರು. ಮೊದಲು ಕೂಗೆಬ್ಬಿಸಿದ ಜಿಮ್ ಗ್ರೀರ್ ಅವರೇ ಭಾಷಣದ ಪಾಠ ಓದಿದ ಮೇಲೆ, ಇದು ಒಳ್ಳೆಯ ಭಾಷಣ, ನನ್ನ ಮಕ್ಕಳೂ ನೋಡುತ್ತಾರೆ ಎಂದರು. ಓದಿದ್ದಕ್ಕೆ ಅಭಿಪ್ರಾಯ ಬದಲಾಯಿತು. ಮೊದಲೇ ಓದಿ ಆಮೇಲೆ ಹೇಳಿಕೆ ಕೊಟ್ಟಿದ್ದರೆ ಎಷ್ಟು ಶಾಲೆಗಳ ನೆಮ್ಮದಿ ಉಳಿಯುತ್ತಿತ್ತೋ!

ಮರುದಿನದ ಸಂಗತಿ ಕೇಳಿ. ಮಂಗಳವಾರ ಮಕ್ಕಳು ಭಾಷಣವನ್ನು ಕುಳಿತು ಕೇಳಿದರು. ಬುಧವಾರ, ಸೆಪ್ಟೆಂಬರ್ ೯ರ ರಾತ್ರಿ ಅದೇ ಅಧ್ಯಕ್ಷರು ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಆರೋಗ್ಯ ವಿಮೆಯ ಬಗ್ಗೆ ಮಾತಾಡುತ್ತಿದ್ದಾಗ ದಕ್ಷಿಣ ಕೆರೊಲಿನಾದ ಸದಸ್ಯ ಜೋ ವಿಲ್ಸನ್ ಅವರು, ನೀವು ಸುಳ್ಳು ಹೇಳುತ್ತೀರಿ ಎಂದು ಕೂಗಿದರು. ಅದೇ ರಾತ್ರಿ ಕ್ಷಮೆ ಕೇಳಿದರು. ಮುಂದಿನ ವಾರ ಸದನ ೨೪೦ಕ್ಕೆ ೧೭೯ ಮತಗಳಿಂದ ಅವರ ನಡೆಯನ್ನು ಖಂಡಿಸಿತು. ಆ ಮತವೂ ಬಹುಮಟ್ಟಿಗೆ ಪಕ್ಷದ ಸಾಲು ಹಿಡಿದೇ ಬಿತ್ತು. ಶಿಸ್ತಿನ ಪಾಠ ಯಾರಿಗೆ ಬೇಕಿತ್ತು, ನೀವೇ ಹೇಳಿ.

ಈಗ ನಮ್ಮ ದೇಶಕ್ಕೆ ಬರೋಣ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ರಾಷ್ಟ್ರಪತಿಯಾಗಿದ್ದಾಗ ಹೋದ ಊರಲ್ಲೆಲ್ಲ ಮಕ್ಕಳೊಂದಿಗೆ ಮಾತಾಡಿದರು. ಮಕ್ಕಳನ್ನು ಕಳಿಸುವುದಿಲ್ಲ ಎಂದು ಜಗಳವಾಡಿದವರನ್ನು ನಾನು ಕಂಡಿಲ್ಲ. ನಮ್ಮಲ್ಲಿ ಆ ಸ್ಥಾನ ಪಕ್ಷದ ಮೇಲಿನದು, ಆ ಮನುಷ್ಯರೂ ಹಾಗೇ ಇದ್ದರು. ೨೦೧೪ರ ಸೆಪ್ಟೆಂಬರ್ ೫ರಂದು, ಶಿಕ್ಷಕರ ದಿನ, ಪ್ರಧಾನಿ ನರೇಂದ್ರ ಮೋದಿಯವರು ದೆಹಲಿಯಿಂದ ದೇಶದ ಶಾಲಾ ಮಕ್ಕಳೊಂದಿಗೆ ಮಾತಾಡಿದಾಗ ಚರ್ಚೆ ಎದ್ದಿತು. ಮಕ್ಕಳು ನೋಡಲೇಬೇಕೆಂಬ ಧಾಟಿ ಸುತ್ತೋಲೆಯಲ್ಲಿದೆ ಎಂದು ವಿರೋಧ ಪಕ್ಷದವರು ಆಕ್ಷೇಪಿಸಿದರು. ಇದು ಕಡ್ಡಾಯವಲ್ಲ, ಇಷ್ಟವಿದ್ದವರಿಗೆ ಎಂದು ಸಚಿವೆ ಸ್ಮೃತಿ ಇರಾನಿ ಸ್ಪಷ್ಟನೆ ಕೊಟ್ಟರು. ಅಲ್ಲಿನ ಪ್ರಶ್ನೆಯೇ ಇಲ್ಲಿಯೂ ಬಂತು. ಅದಕ್ಕೆ ಉತ್ತರವೂ ಒಂದೇ ಇರಬೇಕು. ಒಬಾಮಾಗೆ ಒಂದು, ಬುಷ್‌ಗೆ ಒಂದು, ಮೋದಿಗೆ ಒಂದು, ನಾಳೆ ಬರುವವರಿಗೆ ಒಂದು ಎಂದು ಇರಬಾರದು. ಒತ್ತಾಯ ಬೇಡ, ನಿಷೇಧವೂ ಬೇಡ, ಕೇಳಿದ ಮೇಲೆ ತರಗತಿಯಲ್ಲಿ ಮುಕ್ತ ಚರ್ಚೆ ಇರಲಿ. ಯಾವ ಪಕ್ಷದವರು ಬಂದರೂ ಇದೇ ಅಳತೆ.

ಇನ್ನು ನಮ್ಮೂರು. ನಾನು ಮುಖ್ಯೋಪಾಧ್ಯಾಯನಾಗಿದ್ದ ಒಂದು ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಮುಗಿದ ಮೇಲೆ ಸ್ವಾತಂತ್ರ್ಯ ದಿನ ಬಂತು. ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ ಎಂದು ಕಾಗದದಲ್ಲಿದೆ. ಊರಲ್ಲಿ ಮಾತ್ರ ಎರಡು ಪಾರ್ಟಿ ಇದ್ದೇ ಇರುತ್ತವೆ. ಗೆದ್ದವರು ಧ್ವಜ ಹಾರಿಸುತ್ತಾರೆಂದು ಸೋತವರ ಓಣಿಯಿಂದ ಅವತ್ತು ಒಂದು ಮಗುವೂ ಬರಲಿಲ್ಲ. ಮರುದಿನ ಏಳನೆಯ ತರಗತಿಯ ಹುಡುಗನನ್ನು "ಯಾಕೋ ತಮ್ಮಾ, ನಿನ್ನೆ ಬರಲಿಲ್ಲ?" ಎಂದು ಕೇಳಿದೆ. "ಅದು ನಮ್ಮ ಪಾರ್ಟಿ ಝಂಡಾ ಅಲ್ಲಂತ್ರೀ ಸರ" ಎಂದ.

ದೇಶದ ಧ್ವಜ ಅದು! ಹುಡುಗನದೇನು ತಪ್ಪು? ಮನೆಯಲ್ಲಿ ಕೇಳಿದ್ದನ್ನು ಹೇಳಿದ. ಆ ವಾರ ಬಿಸಿಯೂಟದ ಸಾಲಿನಲ್ಲಿ ಎರಡು ಓಣಿಯ ಮಕ್ಕಳು ಎರಡು ಕಡೆ ಕುಳಿತರು. ನಾನು ಧ್ವಜವನ್ನು ತರಗತಿಗೆ ತಂದು, ಎರಡೂ ಓಣಿಯಿಂದ ಇಬ್ಬಿಬ್ಬರನ್ನು ಕರೆದು, ನಾಲ್ಕು ಮೂಲೆ ಹಿಡಿಸಿ ಮಡಿಸುವುದನ್ನು ಕಲಿಸಿದೆ. ನಾಲ್ವರಲ್ಲಿ ಒಬ್ಬ ಕೈಬಿಟ್ಟರೂ ಧ್ವಜ ನೆಲ ಮುಟ್ಟುತ್ತದೆಂದು ಅವರಿಗೇ ತಿಳಿಯಿತು. ಮಕ್ಕಳು ಒಂದು ವಾರದಲ್ಲಿ ಮತ್ತೆ ಕೂಡಿ ಕುಳಿತರು. ದೊಡ್ಡವರು ಕೂಡಿ ಕುಳಿತದ್ದನ್ನು ನಾನು ಆ ಊರಿನಿಂದ ವರ್ಗವಾಗುವವರೆಗೂ ನೋಡಲಿಲ್ಲ.

ಹಾಗಾದರೆ ನಾವು ಏನು ಮಾಡಬೇಕು? ನನಗೆ ತೋಚಿದ ಮೂರು ಮಾತು ಹೇಳುತ್ತೇನೆ.

ಒಂದು, ಮಾಸ್ತರರಿಗೆ. ಯಾರದೇ ಭಾಷಣ ಮಕ್ಕಳಿಗೆ ಕೇಳಿಸಿದರೂ ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿ. ಅವರು ಏನು ಹೇಳಿದರು? ಅದರಲ್ಲಿ ನಿನಗೆ ಒಪ್ಪಿಗೆಯಾದದ್ದು ಯಾವುದು, ಆಗದ್ದು ಯಾವುದು? ಅವರು ಎದುರಿಗಿದ್ದರೆ ಏನು ಕೇಳುತ್ತಿದ್ದೆ? ಮಗು ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ನಿಮ್ಮ ಪಕ್ಷದ ಕನ್ನಡಕ ಹಾಕಿಕೊಂಡು ತೀರ್ಪು ಕೊಡಬೇಡಿ.

ಎರಡು, ತಂದೆತಾಯಿಗಳಿಗೆ. ಟಿವಿಯಲ್ಲಿ ನಿಮಗೆ ಬೇಡವಾದವರ ಮುಖ ಬಂದ ಕೂಡಲೇ ಬೈದು ಚಾನೆಲ್ ಬದಲಿಸುತ್ತೀರಲ್ಲ, ಪಕ್ಕದಲ್ಲಿ ಮಗು ಕುಳಿತಿರುತ್ತದೆ. ಅದು ಆ ನಾಯಕರ ಬಗ್ಗೆ ಏನೂ ಕಲಿಯುವುದಿಲ್ಲ. ಅಪ್ಪ ಹೇಗೆ ಕೇಳುತ್ತಾನೆ ಎಂಬುದನ್ನು ಕಲಿಯುತ್ತದೆ. ಐದು ನಿಮಿಷ ಪೂರ್ತಿ ಕೇಳಿ, ಆಮೇಲೆ ಒಪ್ಪದ ಮಾತನ್ನು ಕಾರಣ ಕೊಟ್ಟು ಹೇಳಿ.

ಮೂರು, ಸಂಸ್ಥೆಗಳಿಗೆ. ಇದನ್ನು ಪೂಜ್ಯರ ಸಮ್ಮುಖದಲ್ಲಿಯೇ ವಿನಯದಿಂದ ಹೇಳುತ್ತೇನೆ, ಏಕೆಂದರೆ ಮಠಗಳು ನಡೆಸುವ ಶಾಲೆಗಳೂ ಇದರಲ್ಲಿ ಬರುತ್ತವೆ. ಮಂತ್ರಿಗಳು ಬರುತ್ತಾರೆಂದು ಮಕ್ಕಳನ್ನು ರಸ್ತೆಯ ಎರಡೂ ಬದಿ ಬಿಸಿಲಲ್ಲಿ ನಿಲ್ಲಿಸಿ ಹೂ ಎರಚಿಸುವುದನ್ನು ನಾವೆಲ್ಲ ನೋಡಿದ್ದೇವೆ. ಹನ್ನೊಂದಕ್ಕೆ ಎಂದವರು ಎರಡಕ್ಕೆ ಬರುತ್ತಾರೆ. ಬಂದವರು ಮಕ್ಕಳ ಬೆನ್ನ ಹಿಂದಿರುವ ಮತದಾರರನ್ನು ನೋಡಿ ಮಾತಾಡುತ್ತಾರೆ. ಆ ಪದ್ಧತಿ ನಿಲ್ಲಲಿ. ನಾಯಕರು ಬರಲಿ, ಎಲ್ಲ ಪಕ್ಷದವರೂ ಬರಲಿ. ಬಂದವರು ಮಕ್ಕಳ ಎದುರು ಕುಳಿತು ಮೂರು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಹೋಗಲಿ. ಶಾಲು, ಹಾರ ಇಲ್ಲದಿದ್ದರೂ ನಡೆಯುತ್ತದೆ. ಪ್ರಶ್ನೆಯನ್ನು ಮೊದಲೇ ಬರೆದುಕೊಟ್ಟು ಬಾಯಿಪಾಠ ಮಾಡಿಸುವುದಂತೂ ಬೇಡವೇ ಬೇಡ.

ಒಬಾಮಾ ಮುಂದಿನ ವರ್ಷ ೨೦೧೦ರ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯಾದ ಶಾಲೆಯೊಂದರಿಂದ ಮತ್ತೆ ಮಕ್ಕಳಿಗೆ ಮಾತಾಡಿದರು. ಆಗ ಹಿಂದಿನ ಗದ್ದಲದ ಕಾಲುಭಾಗವೂ ಇರಲಿಲ್ಲ. ಒಂದು ಸಲ ಕೇಳಿ ನೋಡಿದ್ದರು, ಹೆದರುವಂಥದ್ದೇನೂ ಇಲ್ಲವೆಂದು ತಿಳಿದಿತ್ತು. ಅವರು ಒಬಾಮಾರನ್ನು ಒಪ್ಪಿಕೊಂಡರೆಂದಲ್ಲ, ಎರಡು ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಅವರ ಪಕ್ಷವನ್ನು ಕೆಳಮನೆಯಲ್ಲಿ ಸೋಲಿಸಿದರು. ಆದರೆ ಮಕ್ಕಳನ್ನು ಆ ಜಗಳದಿಂದ ಹೊರಗಿಟ್ಟರು. ಸೋಲಿಸುವುದಿದ್ದರೆ ಮತಪೆಟ್ಟಿಗೆ ಇದೆ, ತರಗತಿಯ ಬಾಗಿಲು ಮುಚ್ಚಬೇಕಿಲ್ಲ.

ಈಗ ಪೂಜ್ಯರ ಅಪ್ಪಣೆಯಾದರೆ, ನನ್ನ ಮಾತು ನಿಲ್ಲಿಸಿ ಹಿಂದಿನ ಸಾಲಿನ ಮಕ್ಕಳಿಂದ ಪ್ರಶ್ನೆ ಕೇಳಬಯಸುತ್ತೇನೆ. ನಾನು ಹೇಳಿದ್ದರಲ್ಲಿ ಒಪ್ಪಿಗೆಯಾಗದ್ದು ಇದ್ದರೆ ಮೊದಲು ಅದನ್ನೇ ಕೇಳಿ.